ಗೆಳತಿಯ ಮದುವೆ, ಮಗಳ ದಾಕ್ಷಿಣ್ಯ

ಎಲ್ಲರಿಗೂ ನಮಸ್ಕಾರ. ಗೆಳತಿಯ ಮದುವೆಯಲ್ಲಿ ಬ್ರೈಡ್ಸ್‌ಮೇಡ್ (ಮದುಮಗಳ ಜೊತೆಗಿದ್ದು ನೆರವಾಗುವ ಗೆಳತಿ) ಆಗಲು ಒಪ್ಪಿಕೊಂಡ ಮಗಳು ಈಗ ಮದುಮಗಳ ಬೇಡಿಕೆಗಳಿಂದ ಹೈರಾಣಾಗಿದ್ದಾಳೆ ಎಂದು ನಿನ್ನೆ ಬರೆದ ಸಹೋದರಿಯ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದೇ ನಡೆದಿತ್ತು.

ಮದುಮಗಳ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಲ್ಲುವುದಷ್ಟೇ ತಾನೇ ಎಂದು ನಾನು ಆಗ ತಿಳಿದಿದ್ದೆ. ಆದರೆ ಅಮೆರಿಕದಲ್ಲಿ ಉಡುಪು, ಪಾದರಕ್ಷೆ, ಪ್ರಯಾಣಗಳ ಖರ್ಚನ್ನು ಸಾಮಾನ್ಯವಾಗಿ ಬ್ರೈಡ್ಸ್‌ಮೇಡ್ ಆದವಳೇ ಭರಿಸಬೇಕು. ಮದುವೆಗೆ ಮುನ್ನ ಮದುಮಗಳಿಗೆ ಉಡುಗೊರೆ ಕೊಡುವ ಬ್ರೈಡಲ್ ಶವರ್, ಗೆಳತಿಯರೆಲ್ಲ ಅವಳೊಂದಿಗೆ ಸೇರಿ ಸಂಭ್ರಮಿಸುವ ಬ್ಯಾಚಲರೆಟ್ ಪಾರ್ಟಿಗಳಿಗೂ ತನ್ನ ಪಾಲು ಕೊಡಬೇಕು. ಬ್ರಿಟನ್ನಿನಲ್ಲಿ ಉಡುಪಿನ ಖರ್ಚನ್ನು ಮದುಮಗಳ ಕಡೆಯವರೇ ವಹಿಸಿಕೊಳ್ಳುವ ರೂಢಿ ಹೆಚ್ಚು. ಆದ್ದರಿಂದ ಒಪ್ಪಿಕೊಳ್ಳುವ ಮೊದಲೇ ಯಾವ ಖರ್ಚು ಯಾರದು, ಎಷ್ಟು ದಿನ ರಜೆ ಹಾಕಬೇಕಾಗುತ್ತದೆ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ನನ್ನ ಮಗಳು ಅದನ್ನು ಕೇಳಿರಲಿಲ್ಲ. ಮೊದಲು ಉಡುಪು, ಆಮೇಲೆ ಅದಕ್ಕೆ ಹೊಂದುವ ಪಾದರಕ್ಷೆ, ಅದರ ಬೆನ್ನಿಗೇ ವಿಮಾನದಲ್ಲಿ ಹೋಗಿ ಮೂರು ರಾತ್ರಿ ತಂಗುವ ಪಾರ್ಟಿ, ಕೊನೆಗೆ ಮದುವೆ ಮುಗಿಯುವವರೆಗೆ ಕೂದಲು ಕತ್ತರಿಸಬಾರದೆಂಬ ಅಪ್ಪಣೆ, ಹೀಗೆ ಒಂದೊಂದಕ್ಕೂ ಆಗಲಿ ಎನ್ನುತ್ತಾ ಹೋದ ಅವಳು ರಾತ್ರಿ ಹನ್ನೊಂದೂವರೆಗೆ ಫೋನ್ ಸದ್ದು ಮಾಡಿದರೆ ಬೆಚ್ಚಿ ಬೀಳುವಂತಾದಳು. ಆಗ ನನಗೆ ಸಿಟ್ಟು ಬಂದದ್ದು ಮದುಮಗಳ ಮೇಲಲ್ಲ, ನನ್ನ ಮೇಲೆಯೇ. ದೊಡ್ಡವರು ಕೇಳಿದರೆ, ಬೇಕಾದವರು ಕೇಳಿದರೆ ಇಲ್ಲ ಎನ್ನಬಾರದು ಎಂದು ಚಿಕ್ಕಂದಿನಿಂದಲೂ ಅವಳಿಗೆ ಹೇಳಿಕೊಟ್ಟವಳು ನಾನೇ.

ಮದುಮಗಳ ತಾಯಿಗೆ ನಾನೇ ಫೋನ್ ಮಾಡುತ್ತೇನೆ ಎಂದು ಹೊರಟಾಗ ಮಗಳು ಬೇಡವೆಂದಳು, ಅದೇ ಸರಿಯಾಯಿತು. ವಯಸ್ಸಿಗೆ ಬಂದ ಮಕ್ಕಳ ಸ್ನೇಹದಲ್ಲಿ ಹೆತ್ತವರು ಬಾಯಿ ಹಾಕಿದರೆ ಸಣ್ಣ ಮಾತು ಎರಡು ಮನೆಗಳ ಜಗಳವಾಗುತ್ತದೆ. ನಾನು ಅವಳ ಪಕ್ಕದಲ್ಲಿ ಕುಳಿತೆ, ಅಷ್ಟೆ. ಮದುಮಗಳಿಗೆ ಕಳುಹಿಸುವ ಸಂದೇಶವನ್ನು ಅವಳು ಮೂರು ಸಲ ಬರೆದು ಅಳಿಸಿದಳು. ಮೊದಲಿನ ಎರಡರಲ್ಲಿ ಬರೀ ಕ್ಷಮಾಪಣೆಯೂ ನೆಪಗಳೂ ತುಂಬಿದ್ದವು. ಕೊನೆಗೆ ಕಳುಹಿಸಿದ್ದು ಇಷ್ಟು: ‘ನಿನ್ನ ಮದುವೆಯ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿನ್ನ ಜೊತೆಗಿರುತ್ತೇನೆ, ಉಡುಪನ್ನು ನಾನೇ ಕೊಳ್ಳುತ್ತೇನೆ. ಪಾರ್ಟಿಗೆ ಬರಲು ನನ್ನಲ್ಲಿ ಹಣವೂ ಇಲ್ಲ, ರಜೆಯೂ ಇಲ್ಲ. ಕೆಲಸದ ದಿನಗಳಲ್ಲಿ ರಾತ್ರಿ ಒಂಬತ್ತರ ನಂತರ ಬಂದ ಸಂದೇಶಗಳಿಗೆ ಮರುದಿನ ಉತ್ತರಿಸುತ್ತೇನೆ.’

ಕಾರಣ ಹೇಳಿದರೆ ಎದುರಿನವರು ಆ ಕಾರಣಕ್ಕೆ ಪರಿಹಾರ ಹುಡುಕುತ್ತಾರೆ, ಹಣವಿಲ್ಲವೆಂದರೆ ಸಾಲ ಕೊಡುತ್ತೇನೆ ಎನ್ನುತ್ತಾರೆ. ನಿಜಕ್ಕೂ ಹಾಗೆಯೇ ಆಯಿತು. ಸಾಲ ಬೇಡ, ನಾನು ಬರುವುದಿಲ್ಲ ಎಂದು ಮಗಳು ಅದೇ ಮಾತನ್ನು ಮತ್ತೊಮ್ಮೆ, ದನಿ ಏರಿಸದೆ ಹೇಳಬೇಕಾಯಿತು. ಮದುಮಗಳು ಮೂರು ವಾರ ಮಾತು ಬಿಟ್ಟಳು. ಆ ಹುಡುಗಿ ಕೆಟ್ಟವಳೆಂದು ನಾನು ಹೇಳಲಾರೆ. ಎರಡೂ ಕಡೆಯವರ ಒತ್ತಡದಲ್ಲಿ ನಲುಗಿದ್ದವಳು ಇಲ್ಲವೆನ್ನದ ಗೆಳತಿಯ ಮೇಲೆ ಎಲ್ಲವನ್ನೂ ಹೇರಿದ್ದಳು.

ನಿಮ್ಮ ಮಗಳಿಗೆ ಈ ಹೊಣೆಯೇ ಬೇಡವೆನಿಸಿದ್ದರೆ, ಉಡುಪು ಹೊಲಿಯಲು ಕೊಡುವ ಮೊದಲೇ ತಿಳಿಸಲಿ. ಅದೂ ಸಂದೇಶದಲ್ಲಿ ಬೇಡ, ಫೋನಿನಲ್ಲಿ ಮಾತನಾಡಿ ತಿಳಿಸಲಿ. ಈಗಾಗಲೇ ಒಪ್ಪಿಕೊಂಡ ಖರ್ಚಿನ ಪಾಲನ್ನು ಮಾತ್ರ ಕೊಟ್ಟುಬಿಡಲಿ, ಇಲ್ಲವಾದರೆ ಆ ಹೊರೆ ಉಳಿದ ಗೆಳತಿಯರ ಮೇಲೆ ಬೀಳುತ್ತದೆ. ಮುಂದುವರಿಯುವುದಾದರೆ ಯಾವುದಕ್ಕೆ ಬರುತ್ತೇನೆ, ಯಾವುದಕ್ಕೆ ಇಲ್ಲ ಎಂಬುದನ್ನು ಈ ವಾರವೇ ಬರೆದು ಕಳುಹಿಸಲಿ. ಬರೆಯುವಾಗ ನೀವು ಪಕ್ಕದಲ್ಲಿರಿ, ಪದಗಳು ಮಾತ್ರ ಅವಳವೇ ಆಗಿರಲಿ.