“ಅವರು ಕೇಳಲಿಲ್ಲವಲ್ಲ ಅಮ್ಮ”: ಮಕ್ಕಳ ಈ ನಡವಳಿಕೆಗೆ ಹೊಣೆ ಮಾಧ್ಯಮವೋ, ಹೆತ್ತವರೋ?

ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಡೆದ ಒಂದು ಸಣ್ಣ ಘಟನೆ ವಾರವಿಡೀ ನನ್ನನ್ನು ಕಾಡುತ್ತಿದೆ. ಮಾಟುಂಗಾದಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ನಾನು ಮತ್ತು ನನ್ನ ಹನ್ನೆರಡು ವರ್ಷದ ಮಗ ಲೋಕಲ್ ರೈಲುಗಾಡಿಯಲ್ಲಿ ಮರಳುತ್ತಿದ್ದೆವು. ಕುರ್ಲಾದಲ್ಲಿ ಹತ್ತಿದ ವೃದ್ಧರೊಬ್ಬರು ನಮ್ಮ ಆಸನದ ಎದುರಿಗೇ ಬಂದು ನಿಂತರು. ಒಂದು ಕೈಯಲ್ಲಿ ಔಷಧಿಯ ಚೀಲವಿತ್ತು, ಇನ್ನೊಂದು ಕೈಯಿಂದ ಮೇಲಿನ ಹಿಡಿಕೆಯನ್ನು ಹಿಡಿದುಕೊಂಡಿದ್ದರು. ಗಾಡಿ ವಾಲಿದಾಗಲೆಲ್ಲ ಅವರ ಕಾಲು ತಡವರಿಸುತ್ತಿತ್ತು. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಿದ್ದ. ನಾನು ಪಕ್ಕದ ಕಿಟಕಿಯ ಬಳಿ ಕುಳಿತಿದ್ದೆ. ಅವನು ತಾನಾಗಿಯೇ ಏಳುತ್ತಾನೇನೋ ನೋಡೋಣವೆಂದು ಏನೂ ಹೇಳದೆ ಕಾದೆ. ಠಾಣೆ ಬಂದು ಆ ಹಿರಿಯರು ಇಳಿದುಹೋದರೂ ಅವನು ಏಳಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ. “ಅವರು ಕೇಳಲಿಲ್ಲವಲ್ಲ ಅಮ್ಮ, ಕೇಳಿದ್ದರೆ ಎದ್ದು ಕೊಡುತ್ತಿದ್ದೆ” ಎಂದ. ಮಾತಿನಲ್ಲಿ ಉದ್ಧಟತನವಿರಲಿಲ್ಲ, ಸುಳ್ಳೂ ಇರಲಿಲ್ಲ. ಎದುರಾಡಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಬಾಯಿ ಬಿಟ್ಟು ಕೇಳದ ಹೊರತು ಇನ್ನೊಬ್ಬರ ಕಷ್ಟ ತನಗೆ ಸಂಬಂಧಿಸಿದ್ದಲ್ಲ ಎಂದು ಅವನು ಸಹಜವಾಗಿ ನಂಬಿರುವುದನ್ನು ಕಂಡು ನನಗೆ ಭಯವಾಯಿತು. ಇದಕ್ಕೆಲ್ಲ ಮೊಬೈಲೇ ಕಾರಣವೆಂದು ನನ್ನ ಯಜಮಾನರು ಹೇಳುತ್ತಾರೆ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ನಾವಿಬ್ಬರೇ ಕಾರಣವೆಂಬುದು ಅತ್ತೆಯವರ ಅಭಿಪ್ರಾಯ. ನಿಮ್ಮ ಅನುಭವದಲ್ಲಿ ಯಾವುದು ನಿಜ? ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಪುಣೆಯ ಶಾಲೆಯೊಂದರ ಆಪ್ತಸಮಾಲೋಚಕಿ

ನಿಮ್ಮ ಮಗನ ಮಾತನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ನಾನು ಶಾಲೆಯಲ್ಲಿ ದಿನವೂ ಕಾಣುವ ಕೊರತೆಯೂ ಇದೇ. “ಥ್ಯಾಂಕ್ಯೂ”, “ಸಾರಿ” ಎನ್ನಲು ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಪಕ್ಕದ ಬೆಂಚಿನವನು ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಹೇಳದಿರುವುದನ್ನು ಮುಖ ನೋಡಿ ತಿಳಿಯುವ ಶಕ್ತಿ ಯಾವುದೇ ಪಾಠದಿಂದ ಬರುವಂಥದ್ದಲ್ಲ, ಎಳವೆಯಲ್ಲಿ ಮುಖಗಳನ್ನು ನೋಡುತ್ತಲೇ ಬರಬೇಕು.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರೋನಿಕ್ ಅವರು 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕೆಲವು ನಿಮಿಷ ಸುಮ್ಮನೆ ಕೂರಬೇಕು. ಕೂಸು ಮೊದಲು ನಕ್ಕು, ಬೆರಳು ತೋರಿಸಿ, ಕೂಗಿ ತಾಯಿಯನ್ನು ಮರಳಿ ಪಡೆಯಲು ಯತ್ನಿಸುತ್ತದೆ; ಫಲ ಸಿಗದಿದ್ದಾಗ ಕಳವಳಗೊಂಡು ಮುಖ ತಿರುಗಿಸಿಬಿಡುತ್ತದೆ. ಮೊಬೈಲ್ ನೋಡುತ್ತಿರುವ ದೊಡ್ಡವರ ಮುಖ ಹೆಚ್ಚುಕಡಿಮೆ ಅದೇ ನಿರ್ಭಾವದ ಮುಖವೆಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಮಾಧ್ಯಮ ಮತ್ತು ಪಾಲನೆ ಎಂದು ಎರಡು ಬೇರೆ ಬೇರೆ ಆರೋಪಿಗಳನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಮಗುವಿನ ಕೈಗೆ ಪರದೆ ಬರುವ ಎಷ್ಟೋ ಮೊದಲೇ ಅದು ಹೆತ್ತವರ ಕೈಯಲ್ಲಿತ್ತು.

ಹಾಗೆಂದು ಮಾಧ್ಯಮವನ್ನು ನಿರ್ದೋಷಿಯೆನ್ನಲೂ ಆಗದು. ಆಲ್ಬರ್ಟ್ ಬಂಡೂರ ಅವರು 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳೊಡನೆ ನಡೆಸಿದ ಅಧ್ಯಯನದಲ್ಲಿ, ದೊಡ್ಡವರೊಬ್ಬರು ಗಾಳಿಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಅದೇ ಏಟುಗಳನ್ನು, ಅದೇ ಮಾತುಗಳನ್ನು ಅನುಕರಿಸಿದರು. ಎರಡು ವರ್ಷಗಳ ಬಳಿಕ ಅದನ್ನೇ ಚಲನಚಿತ್ರದ ರೂಪದಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಒಂದು ವರ್ಷದೊಳಗಿನ ಕೂಸುಗಳಿಗೆ ಅದು ಬೇಡವೇ ಬೇಡ ಎಂದು ಸೂಚಿಸಿತು. ನನ್ನ ಬಳಿಗೆ ಬರುವ ಎಷ್ಟೋ ಹೆತ್ತವರು ಇದನ್ನು ಓದಿದ್ದಾರೆ, ಆದರೆ ಪಾಲಿಸುವ ಬಿಡುವು ಅವರಿಗಿಲ್ಲ. ಆ ಬಿಡುವು ಎಲ್ಲಿ ಹೋಯಿತೆಂಬುದನ್ನು ಬಿಟ್ಟು ಅವರನ್ನೇ ದೂಷಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಉತ್ತರ 2: ಅಂಧೇರಿಯಿಂದ, ನಿವೃತ್ತ ಹೋಟೆಲ್ ಮಾಲೀಕ

ತಂಗೀ, ಮೇಲಿನ ಉತ್ತರ ಬರೆದವರಷ್ಟು ನಾನು ಓದಿದವನಲ್ಲ. ಆದರೆ ಕೇಳುವ ಮೊದಲೇ ಗಮನಿಸುವುದು ಎಂದರೇನೆಂಬುದು ನಮ್ಮ ಕಸುಬಿನವರಿಗೆ ಗೊತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯ ನಮ್ಮ ಊರಿನಿಂದ ಈ ಶಹರಕ್ಕೆ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯತೊಡಗಿದೆ. ಮೇಜು ಒರೆಸುವ ಕೆಲಸಕ್ಕೆ ಬಂದ ಮೇಲೆ ನಮಗೆ ಕಲಿಸಿದ ಮೊದಲ ಪಾಠವೇ ಇದು: ಗಿರಾಕಿ ತಲೆ ಎತ್ತಿ ನೋಡುವುದಕ್ಕೆ ಮುಂಚೆ ಲೋಟಕ್ಕೆ ನೀರು ಬಂದಿರಬೇಕು, ಎರಡನೇ ಸಲ ಚಟ್ನಿ ಬೇಕೆಂದು ಅವನು ಬಾಯಿ ಬಿಟ್ಟು ಹೇಳಬೇಕಾಗಿ ಬಂದರೆ ಅದು ಮಾಣಿಯ ತಪ್ಪು. ಯಾರ ಕೈ ಜೇಬಿಗೆ ಹೋಗುತ್ತಿದೆ, ಯಾರಿಗೆ ಗಾಡಿಯ ಅವಸರವಿದೆ, ಯಾರು ಒಂದೇ ಚಹಾ ತೆಗೆದುಕೊಂಡು ಇಬ್ಬರಿಗೆ ಹಂಚಲಿದ್ದಾರೆ ಎಂದು ನಮಗೆ ದೂರದಿಂದಲೇ ತಿಳಿಯುತ್ತಿತ್ತು.

ಆದರೆ ಅದನ್ನು ನಾವು ಹೇಗೆ ಕಲಿತೆವೆಂಬುದನ್ನೂ ಹೇಳದಿದ್ದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ತಲೆಗೆ ಮೊಟಕುತ್ತಿದ್ದರು, ತಪ್ಪಿದರೆ ಊಟ ತಡವಾಗುತ್ತಿತ್ತು. ಗಿರಾಕಿಯ ಮುಖಕ್ಕಿಂತ ಹೆಚ್ಚಾಗಿ ನಾವು ಗಲ್ಲಾದ ಮೇಲೆ ಕುಳಿತವರ ಮುಖವನ್ನು ಓದುತ್ತಿದ್ದೆವು, ಏಕೆಂದರೆ ಆ ದಿನದ ಏಟು ಅಲ್ಲಿಂದ ಬರುತ್ತಿತ್ತು. ಹಿರಿಯರಿಗೆ ಬಗ್ಗಿ ನಡೆಯುತ್ತಿದ್ದ ಅಂದಿನ ಮಕ್ಕಳನ್ನು ನೆನೆದು ಇಂದಿನ ಮಕ್ಕಳನ್ನು ಹಳಿಯುವವರು ಇದನ್ನು ಮರೆಯಬಾರದು. ಅದೇ ಸಭ್ಯ ಹಿರಿಯರು ಹತ್ತು ವರ್ಷದ ಹುಡುಗನನ್ನು “ಏ ಪೋರ್ಯಾ” ಎಂದು ಕೂಗಿ ಕರೆಯುತ್ತಿದ್ದರು; ಅವನಿಗೂ ನಿದ್ದೆ ಬೇಕು, ಶಾಲೆ ಬೇಕು ಎಂಬುದು ಬಹಳ ಜನರ ಗಮನಕ್ಕೆ ಬರಲೇ ಇಲ್ಲ. ಗಮನಕ್ಕೆ ಬಂದ ಕೆಲವರು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಹೋಟೆಲಿನ ಬಾಗಿಲು ಹಾಕಿ ಓಡಿಹೋಗಿ, ಕಣ್ಣು ಮುಚ್ಚಿ ಬೀಳುತ್ತಿದ್ದ ಹೊತ್ತಿನಲ್ಲಿ ಅಲ್ಲಿ ನಾಲ್ಕಕ್ಷರ ಕಲಿತವರಲ್ಲಿ ನಾನೂ ಒಬ್ಬ. ಪಾಠದ ನಡುವೆ ತೂಕಡಿಸಿದವನನ್ನು ಎಬ್ಬಿಸದೆ, ಅವನ ಪಾಟಿಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಡುತ್ತಿದ್ದ ಮಾಸ್ತರರೊಬ್ಬರು ಅಲ್ಲಿದ್ದರು. ಗಮನಿಸುವುದನ್ನು ಭಯವಿಲ್ಲದೆ ನಾನು ಕಲಿತದ್ದು ಅವರಿಂದ.

ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲ್ ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅದು ಎಷ್ಟೋ ಮೊದಲೇ ಆಗಬೇಕಿತ್ತು. ಆದಕಾರಣ ನಡವಳಿಕೆ ಕುಸಿಯಿತು ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಮಗ ಭಯಕ್ಕೆ ಬಿದ್ದು ಎದ್ದುಕೊಡುವವನಲ್ಲ ಎಂಬುದು ನನಗೆ ಸಮಾಧಾನದ ಸಂಗತಿಯೇ. ಭಯವಿಲ್ಲದೆ ಏಳುವುದನ್ನು ಯಾರು ಕಲಿಸಬೇಕು ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ.

ಉತ್ತರ 3: ಠಾಣೆಯ ಒಬ್ಬ ತಂದೆ

ಇಬ್ಬರೂ ಹಿರಿಯರ ಮಾತನ್ನು ಗೌರವದಿಂದ ಓದಿದ್ದೇನೆ. ಆದರೂ ಕಂಪನಿಗಳ ಹೊಣೆಯನ್ನು ಇಷ್ಟು ಹಗುರವಾಗಿ ದಾಟಿಹೋಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಾನು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇರುವವನು. ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವುದು, ಎಷ್ಟು ಸರಿಸಿದರೂ ಪುಟಕ್ಕೆ ಕೊನೆಯೇ ಇಲ್ಲದಿರುವುದು ಇವೆಲ್ಲ ನೋಡುವವರು ಎದ್ದುಹೋಗದಿರಲೆಂದೇ ಯೋಚಿಸಿ ಮಾಡಿದ ರಚನೆಗಳು. ನೂರಾರು ನುರಿತ ಎಂಜಿನಿಯರುಗಳು ಒಂದು ಕಡೆ, ದಣಿದು ಮನೆಗೆ ಬಂದ ಒಬ್ಬ ತಾಯಿ ಇನ್ನೊಂದು ಕಡೆ ನಿಂತಿರುವಾಗ ಸೋಲನ್ನು ಪಾಲನೆಯ ತಪ್ಪೆಂದು ಕರೆಯುವುದು ಯಾವ ನ್ಯಾಯ? ಹದಿನಾರರ ಒಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಕಾನೂನನ್ನು ಆಸ್ಟ್ರೇಲಿಯ 2024ರಲ್ಲಿ ಅಂಗೀಕರಿಸಿತು. ಅಲ್ಲಿ ಹೊಣೆ ಬೀಳುವುದು ಮಗು ಅಥವಾ ಹೆತ್ತವರ ಮೇಲಲ್ಲ, ಕಂಪನಿಗಳ ಮೇಲೆ. ನಮ್ಮಲ್ಲೂ ಚರ್ಚೆ ಅಲ್ಲಿಂದ ಆರಂಭವಾಗಲಿ ಎಂದು ನಾನು ಬಯಸುತ್ತೇನೆ.

ಉತ್ತರ 4: ವಡಾಲಾದಿಂದ, ಮುಂಬಯಿಯ ಲಾಲ್‌ಬಾಗ್‌ನ ಚಾಳಿನಲ್ಲಿ (ವಠಾರದಲ್ಲಿ) ಬೆಳೆದ ನಿವೃತ್ತ ಶಿಕ್ಷಕಿ

ನನ್ನದು ಒಂದು ನೆನಪು ಮತ್ತು ಒಂದು ತಕರಾರು. ಮುಂಬಯಿಯಲ್ಲಿ ದೂರದರ್ಶನ ಆರಂಭವಾದದ್ದು 1972ರಲ್ಲಿ. ನಮ್ಮ ಚಾಳಿಗೆ ಟಿವಿ ಬಂದದ್ದು ಅದಾಗಿ ಬಹಳ ವರ್ಷಗಳ ಮೇಲೆ, ಅದೂ ಇಡೀ ಮಹಡಿಗೆ ಒಂದೇ ಮನೆಯಲ್ಲಿ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದಾಗ ಆ ಹತ್ತಡಿಯ ಕೋಣೆಯಲ್ಲಿ ಮರಾಠಿಯವರು, ತೆಲುಗಿನವರು, ನಾವು ಕನ್ನಡದವರು ಒತ್ತೊತ್ತಾಗಿ ಕೂರುತ್ತಿದ್ದೆವು. ಗೋಡೆಗೆ ಆನಿಕೊಳ್ಳುವ ಜಾಗ ಅಜ್ಜಿಯರಿಗೆ ಮೀಸಲು, ಗಿಡ್ಡ ಮಕ್ಕಳಿಗೆ ಮುಂದಿನ ಸಾಲು, ಟಿವಿ ಇದ್ದ ಮನೆಯವರಿಗೆ ಸಿಕ್ಕಿದ ಕಡೆ. ಇದನ್ನು ಯಾರೂ ನಿಯಮವೆಂದು ಬರೆದು ಹಾಕಿರಲಿಲ್ಲ. ಅದೂ ಮಾಧ್ಯಮವೇ ಅಲ್ಲವೆ? ಅದನ್ನು ನೋಡಬೇಕಾದರೆ ಪಕ್ಕದವರ ಮೊಣಕಾಲಿಗೆ ತಾಗಿಕೊಂಡು ಕೂರಲೇಬೇಕಿತ್ತು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳಲ್ಲಿ ನಾಲ್ಕು ಬಗೆಯದನ್ನು ನೋಡುತ್ತಾರೆ.

ಇನ್ನು ತಕರಾರು. ಹೆತ್ತವರು ಎಂಬ ಇಬ್ಬರ ಮೇಲೆ ಇಷ್ಟೊಂದು ಭಾರ ಹೊರಿಸಿದ್ದು ಯಾವಾಗಿನಿಂದ? ಚಾಳಿನ ಗ್ಯಾಲರಿಯಲ್ಲಿ ನಾನು ಯಾರ ಮೇಲಾದರೂ ನೀರು ಚೆಲ್ಲಿದರೆ ಕಿವಿ ಹಿಂಡುವ ಅಧಿಕಾರ ಎಂಟು ಮನೆಗಳ ಹೆಂಗಸರಿಗೂ ಇತ್ತು; ಬಿದ್ದರೆ ಎತ್ತಿಕೊಳ್ಳುವ ಹೊಣೆಯೂ ಅವರಿಗೇ ಇತ್ತು. ಈಗಿನ ಗೋಪುರದಂಥ ಕಟ್ಟಡಗಳಲ್ಲಿ ನೆರೆಯವರ ಮಗುವಿಗೆ ಒಂದು ಮಾತು ಹೇಳಲು ನಾವೇ ಹೆದರುತ್ತೇವೆ. ನಮ್ಮ ಲೋಕಲ್ ಗಾಡಿಯಲ್ಲಿ ಮಾತ್ರ ಆ ಹಳೆಯ ಪದ್ಧತಿಯ ಒಂದು ತುಣುಕು ಉಳಿದಿದೆ. ಮೂವರ ಆಸನದಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡುವುದು ಯಾವ ರೈಲ್ವೆ ನಿಯಮದಲ್ಲೂ ಇಲ್ಲ, ಆದರೂ ನಿಂತವರು ಕಣ್ಣಿನಲ್ಲೇ ಸೂಚಿಸಿದರೆ ಮೂವರೂ ಸರಿಯುತ್ತಾರೆ. ಹೊಸದಾಗಿ ಈ ಶಹರಕ್ಕೆ ಬಂದವರಿಗೆ ಅದನ್ನು ಅಪ್ಪ ಅಮ್ಮ ಹೇಳಿಕೊಟ್ಟಿರುವುದಿಲ್ಲ. ಗಾಡಿಯಲ್ಲಿ ಇತರರು ಸರಿಯುವುದನ್ನು ನೋಡಿ ತಾವೂ ಸರಿಯುತ್ತಾರೆ. ಆದ್ದರಿಂದ ತಾಯೀ, ನಿಮ್ಮ ಮಗನನ್ನು ಇನ್ನೊಮ್ಮೆ ಮಾತಿಗೆ ಕೂರಿಸಿಕೊಂಡು, ತೀರ್ಪು ಹೇಳದೆ, ಆ ದಿನ ಅವನು ಏನನ್ನು ಕಂಡ ಎಂದು ಮಾತ್ರ ಕೇಳಿ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು: ಡೊಂಬಿವಲಿಯ ತಾಯಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಹೋಟೆಲ್ ನಡೆಸಿದ ಅಣ್ಣನವರ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಪಾಟಿ ಎತ್ತಿಟ್ಟ ಮಾಸ್ತರರ ಮಾತು ಬಂದಾಗ ಅತ್ತೆಯವರು ಕಣ್ಣೊರೆಸಿಕೊಂಡರು. ಠಾಣೆಯವರ ಮಾತನ್ನೂ ಒಪ್ಪುತ್ತೇನೆ, ಆದರೆ ಕಾನೂನು ಬರುವವರೆಗೆ ನನ್ನ ಮಗ ಹನ್ನೆರಡರಲ್ಲೇ ನಿಂತಿರುವುದಿಲ್ಲ.

ವಡಾಲಾದ ಅಮ್ಮ ಹೇಳಿದಂತೆ ನಿನ್ನೆ ರಾತ್ರಿ ಊಟವಾದ ಮೇಲೆ ಅವನನ್ನು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: ಆ ಅಜ್ಜ ಹತ್ತಿದ್ದನ್ನು ಅವನು ನೋಡಿದ್ದನಂತೆ. ಚೀಲದ ಮೇಲೆ ಆಸ್ಪತ್ರೆಯ ಹೆಸರಿದ್ದದ್ದನ್ನೂ ಓದಿದ್ದನಂತೆ. ಏಳಬೇಕೆಂದು ಅನ್ನಿಸಿ ಸುತ್ತ ನೋಡಿದನಂತೆ. ಎದುರಿಗೆ ಕುಳಿತ ನಾಲ್ವರು ದೊಡ್ಡವರಲ್ಲಿ ಯಾರೂ ಏಳಲಿಲ್ಲ, ಹಾಗಾದರೆ ಏಳುವ ಅಗತ್ಯವಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಮೊಬೈಲ್ ನೋಡತೊಡಗಿದನಂತೆ. “ನೀನೂ ಅವರನ್ನು ನೋಡುತ್ತಿದ್ದೆ ಅಮ್ಮ, ನೀನೂ ಎದ್ದಿರಲಿಲ್ಲ” ಎಂದ.

ಅವನನ್ನು ಪರೀಕ್ಷಿಸಲೆಂದು ನಾನು ಕುಳಿತೇ ಇದ್ದೆ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಕುರ್ಲಾದಿಂದ ಠಾಣೆಯವರೆಗೆ, ನನ್ನ ಆ ಪರೀಕ್ಷೆ ಮುಗಿಯುವ ತನಕ, ಆ ಹಿರಿಯರು ನಿಂತೇ ಇದ್ದರು.