ಹರ್ಮನ್ಸ್‌ಬರ್ಗ್ ನೋಡಲು ಎರಡು ಗಂಟೆ ಸಾಕೇ?

ಪ್ರಶ್ನೆ

ನಮಸ್ಕಾರ. ಬರುವ ಜುಲೈನಲ್ಲಿ ನಾನು ಮತ್ತು ನನ್ನ ತಂದೆಯವರು ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿರುವ ಹರ್ಮನ್ಸ್‌ಬರ್ಗ್, ಅಂದರೆ ಚಿತ್ರಕಾರ ಆಲ್ಬರ್ಟ್ ನಮಟ್ಜಿರಾ ಹುಟ್ಟಿದ ಊರು, ಚಿತ್ರಕಲಾ ಶಿಕ್ಷಕರಾಗಿದ್ದ ತಂದೆಯವರ ಬಹುಕಾಲದ ಆಸೆ. ಹಳೆಯ ಮಿಷನ್ ಕಟ್ಟಡಗಳಿಗೆ ಎರಡು ಗಂಟೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಧಾರಣ ಕಾರಿನಲ್ಲಿ ಹೋಗಬಹುದೇ? ಅಲ್ಲಿ ನಾವು ಯಾವ ಎಚ್ಚರ ವಹಿಸಬೇಕು?

ಉತ್ತರ 1

ಲಾರಾಪಿಂಟಾ ಡ್ರೈವ್ ಊರಿನವರೆಗೂ ಡಾಂಬರು ರಸ್ತೆ, ಸಾಧಾರಣ ಕಾರು ಸಾಕು. ಆದರೆ ಹತ್ತಿರದ ಪಾಮ್ ವ್ಯಾಲಿಗೆ ಫೋರ್ ವೀಲ್ ಡ್ರೈವ್ ವಾಹನವೇ ಬೇಕು. ಕಿಂಗ್ಸ್ ಕ್ಯಾನ್ಯನ್ ಕಡೆಗೆ ಮುಂದುವರಿಯುವ ಮೆರೀನಿ ಲೂಪ್ ಮಣ್ಣಿನ ರಸ್ತೆ, ಅದಕ್ಕೆ ಪರವಾನಗಿಯನ್ನೂ ಪಡೆಯಬೇಕು. ಜುಲೈನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವುದುಂಟು, ತಂದೆಯವರಿಗೆ ಬೆಚ್ಚನೆಯ ಉಡುಪು ಇರಲಿ.

ಕಟ್ಟಡಗಳನ್ನು ನೋಡುವಾಗ ನೀರಿನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಜರ್ಮನಿಯ ಲೂಥರನ್ ಪಾದ್ರಿಗಳು ದಕ್ಷಿಣ ಆಸ್ಟ್ರೇಲಿಯಾದಿಂದ ದನ, ಕುರಿಗಳನ್ನು ಹೊಡೆದುಕೊಂಡು ಸುಮಾರು ಇಪ್ಪತ್ತು ತಿಂಗಳು ಪ್ರಯಾಣಿಸಿ 1877ರಲ್ಲಿ ಫಿಂಕ್ ನದಿಯ ದಂಡೆಯನ್ನು ತಲುಪಿದರು. ಆ ನದಿ ವರ್ಷದ ಬಹುಪಾಲು ಬರಿಯ ಮರಳು. 1920ರ ದಶಕದ ಭೀಕರ ಬರದಲ್ಲಿ ಇಲ್ಲಿ ಅನೇಕ ಮಕ್ಕಳು ತೀರಿಕೊಂಡರು. ಕಪೊರಿಲ್ಯ ಚಿಲುಮೆಯಿಂದ ಕೊಳವೆಯಲ್ಲಿ ನೀರು ಬಂದದ್ದು 1935ರಲ್ಲಿ. ಅದಕ್ಕೆ ಹಣ ಕೂಡಿಸಲು ಕಲಾವಿದೆ ವಯೊಲೆಟ್ ಟೀಗ್ ಮತ್ತು ಅವರ ಸಹೋದರಿ ಉನಾ ಚಿತ್ರಗಳ ಮಾರಾಟವನ್ನೇ ಏರ್ಪಡಿಸಿದ್ದರು. ಸುಣ್ಣ ಬಳಿದ ಕಲ್ಲಿನ ಗೋಡೆಗಳ ನಡುವೆ ನಿಂತ ಖರ್ಜೂರದ ಮರಗಳನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಆ ಕೊಳವೆಯೇ.

ಉತ್ತರ 2

ಚಿತ್ರಕ್ಕಾಗಿಯೇ ಹೋಗುವವರಿಗೆ ಎರಡು ಗಂಟೆ ಏನೇನೂ ಸಾಲದು. ನಮಟ್ಜಿರಾ ಅವರ ಬೆಟ್ಟಗಳ ನೇರಳೆ ಬಣ್ಣವನ್ನು ಮುದ್ರಿತ ಪ್ರತಿಗಳಲ್ಲಿ ನೋಡಿ, ಅದು ಕಲಾವಿದರ ಉತ್ಪ್ರೇಕ್ಷೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಸಂಜೆ ಮ್ಯಾಕ್‌ಡೊನೆಲ್ ಬೆಟ್ಟಸಾಲಿನ ಎದುರು ಕಾರು ನಿಲ್ಲಿಸಿದೆವು. ಕೆಂಪು ಬಂಡೆ ಮೊದಲು ಗುಲಾಬಿಯಾಯಿತು, ಬಳಿಕ ಬುಡದಿಂದ ಮೇಲಕ್ಕೆ ನೇರಳೆ ಏರತೊಡಗಿತು, ಬಿಳಿ ಕಾಂಡದ ಗೋಸ್ಟ್ ಗಮ್ ಮರವೊಂದು ಮಾತ್ರ ಕೊನೆಯವರೆಗೂ ಬೆಳಗುತ್ತಿತ್ತು. ಅವರು ಕಂಡದ್ದನ್ನೇ ಬರೆದಿದ್ದರು.

1936ರಲ್ಲಿ ಚಿತ್ರಕಾರ ರೆಕ್ಸ್ ಬ್ಯಾಟರ್‌ಬಿ ಅವರ ಒಂಟೆಗಳನ್ನು ನೋಡಿಕೊಳ್ಳುತ್ತ ಜೊತೆಯಲ್ಲಿ ಸುತ್ತಿದ ನಮಟ್ಜಿರಾ, ಆ ಪ್ರವಾಸದಲ್ಲೇ ಜಲವರ್ಣವನ್ನು ಕಲಿತರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆಲಿಸ್ ಸ್ಪ್ರಿಂಗ್ಸ್‌ನ ಅರಲೂಯೆನ್ ಕಲಾಕೇಂದ್ರದಲ್ಲಿ ಮೂಲಚಿತ್ರಗಳನ್ನು ಮೊದಲು ನೋಡಿ, ಆಮೇಲೆ ಊರಿಗೆ ಹೋಗಿ. ಹರ್ಮನ್ಸ್‌ಬರ್ಗ್‌ನ ಕುಂಬಾರ ಮಹಿಳೆಯರ ಮಡಕೆಗಳನ್ನೂ ಬಿಡಬೇಡಿ. ಮಡಕೆಯ ಮೈಮೇಲೆ ಬೆಟ್ಟ, ಮರ, ನದೀಪಾತ್ರಗಳು ಸುತ್ತಿಕೊಂಡಿರುತ್ತವೆ, ಮುಚ್ಚಳದ ಮೇಲೆ ಮಣ್ಣಿನದೇ ಹಕ್ಕಿಯೋ ಪ್ರಾಣಿಯೋ ಕುಳಿತಿರುತ್ತದೆ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಸಂಗತಿಯನ್ನು ಸೇರಿಸಲೇಬೇಕು. ಪಾದ್ರಿಗಳು ಬರುವ ಎಷ್ಟೋ ಕಾಲದ ಮೊದಲಿನಿಂದಲೂ ಇದು ಮೂಲನಿವಾಸಿಗಳಾದ ಪಶ್ಚಿಮ ಅರಂಡ ಜನರ ನೆಲ. ಅವರು ಇದನ್ನು ನ್‌ಟಾರಿಯಾ ಎನ್ನುತ್ತಾರೆ. ಪಾದ್ರಿಗಳು ಅವರ ಭಾಷೆಯನ್ನು ಕಲಿತು ವ್ಯಾಕರಣ ಬರೆದದ್ದು ನಿಜ, ಅವರ ಆಚರಣೆಗಳನ್ನು ತಡೆದದ್ದೂ ಅಷ್ಟೇ ನಿಜ. ಆ ಜನರಲ್ಲೊಬ್ಬರಾಗಿ ಹುಟ್ಟಿ ದೇಶವೇ ಕೊಂಡಾಡಿದ ನಮಟ್ಜಿರಾ ಅವರಿಗೆ ಪೂರ್ಣ ಪೌರತ್ವ ಸಿಕ್ಕಿದ್ದು 1957ರಲ್ಲಿ, ಬಂಧುಗಳಲ್ಲಿ ಬಹುತೇಕರಿಗೆ ಅದಿರಲಿಲ್ಲ. ಪೌರತ್ವವಿಲ್ಲದ ಮೂಲನಿವಾಸಿಗಳಿಗೆ ಮದ್ಯ ಕೊಡುವುದು ಆಗ ಅಪರಾಧವಾಗಿತ್ತು; ಮರುವರ್ಷವೇ ಬಂಧುವಿಗೆ ಮದ್ಯ ಕೊಟ್ಟರೆಂಬ ಆರೋಪದ ಮೇಲೆ ಅವರಿಗೆ ಶಿಕ್ಷೆಯಾಯಿತು, 1959ರಲ್ಲಿ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಇಂದಿಗೂ ಸಂಕಟವಾಗುತ್ತದೆ.

ಭೂಮಿ 1982ರಲ್ಲಿ ಅರಂಡ ಜನರಿಗೆ ಮರಳಿತು. ಆದ್ದರಿಂದ ಹಳೆಯ ಮಿಷನ್ ಆವರಣದಾಚೆಗಿನ ಮನೆಗಳು ಜನರ ವಾಸದ ಮನೆಗಳೆಂಬುದು ನೆನಪಿರಲಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಮದ್ಯವನ್ನು ಖಂಡಿತ ಒಯ್ಯಬೇಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಮೊದಲ ದಿನ ಅರಲೂಯೆನ್, ಎರಡನೆಯ ದಿನ ಬೆಳಗ್ಗೆಯೇ ಹೊರಟು ಹರ್ಮನ್ಸ್‌ಬರ್ಗ್ ಎಂದು ನಿಶ್ಚಯಿಸಿದ್ದೇವೆ. ಪಾಮ್ ವ್ಯಾಲಿಯನ್ನು ಕೈಬಿಟ್ಟಿದ್ದೇವೆ. ತಂದೆಯವರು ಈಗಾಗಲೇ ಜಲವರ್ಣದ ಪುಟ್ಟ ಪೆಟ್ಟಿಗೆಯನ್ನು ತೆಗೆದು ಒಣಗಿದ ಬಣ್ಣಗಳಿಗೆ ನೀರು ಹನಿಸುತ್ತಿದ್ದಾರೆ.