'ಜಾನಾ ಥಾ', 'ಜಾನಾ ಚಾಹಿಯೇ ಥಾ': ಕನ್ನಡದಲ್ಲಿ ಬೇರೆ ಮಾಡುವುದು ಹೇಗೆ? ತುರ್ತು

ಹಿಂದಿಯವರಿಗೆ ಇಂಗ್ಲಿಷ್ ಮಾತು ಕಲಿಸುವ ಹಾಳೆಯೊಂದು ನಾಳೆ ಮುದ್ರಣಕ್ಕೆ ಹೋಗಬೇಕು. ಪಾಠ ಮಾಡುವವರು ಕನ್ನಡದವರು, ಅವರಿಗೆ ಪಕ್ಕದಲ್ಲಿ ಕನ್ನಡ ಅರ್ಥ ಕೊಡಬೇಕು. ಕಲಿಯುವವರು 'ಪಹುಂಚ್ ಗಯಾ ಹೋಗಾ' ಅನ್ನುವುದಕ್ಕೆ 'ವುಡ್ ಹ್ಯಾವ್ ರೀಚ್ಡ್' ಅಂತಾರೆ. ಕೇಳಿದವರು 'ತಲುಪುತ್ತಿದ್ದ, ಆದರೆ ತಲುಪಲಿಲ್ಲ' ಅಂದುಕೊಂಡರೆ ಕಥೆ ಮುಗೀತು. ಅಲ್ಲಿ 'ಮಸ್ಟ್ ಹ್ಯಾವ್' ಬರಬೇಕು, ಕನ್ನಡದ 'ತಲುಪಿರಬೇಕು' ಸರಿಹೊಂದುತ್ತದೆ. 'ಜಾನಾ ಪಡಾ'ಕ್ಕೆ 'ಹೋಗಬೇಕಾಯಿತು', ಇಂಗ್ಲಿಷಿನ 'ಹ್ಯಾಡ್ ಟು'. ಸಿಕ್ಕಿಬಿದ್ದಿರುವುದು 'ಹೋಗಬೇಕಿತ್ತು' ಹತ್ತಿರ. 'ಜಾನಾ ಥಾ'ಕ್ಕೂ ಅದೇ, 'ಜಾನಾ ಚಾಹಿಯೇ ಥಾ'ಕ್ಕೂ ಅದೇ. ಇಂಗ್ಲಿಷಿನಲ್ಲಿ ಒಂದು 'ವಾಸ್ ಟು ಗೋ', ಇನ್ನೊಂದು 'ಶುಡ್ ಹ್ಯಾವ್ ಗಾನ್'. ಬೇರೆ ರೂಪ ಇದೆಯೇ?

ಮರು:
'ಬೇಕು', 'ಬೇಡು' ಒಂದೇ ಬುಡದವು, ತಮಿಳಿನ 'ವೇಂಡುಂ' ಇವುಗಳ ದಾಯಾದಿ. ಹಿಂದಿಯ 'ಚಾಹಿಯೇ' ಕೂಡ 'ಚಾಹನಾ'ದಿಂದಲೇ ಬಂದದ್ದು. ಎರಡು ಕಡೆಯೂ ಬಯಕೆ ಕಟ್ಟುಪಾಡಾಗಿದೆ. ಅದು ಬಿಟ್ಟು ಇಂಗ್ಲಿಷ್ ಅಳತೆಗೋಲು ಹಿಡಿದರೆ ಹೀಗೇ ಆಗುವುದು.

ಮರು:
ಸ್ವಾಮಿ, ಹಾಳೆ ನಾಳೆ ಹೋಗಬೇಕು.

ಮರು:
'ಹೋಗುವುದಿತ್ತು' ಹಾಕಿ. 'ನಿನ್ನೆ ಧಾರವಾಡಕ್ಕೆ ಹೋಗುವುದಿತ್ತು, ಮಳೆ ಹಿಡೀತು' ಅಂದರೆ ಬರೀ ಏರ್ಪಾಡು, ತಪ್ಪು ಯಾರದ್ದೂ ಅಲ್ಲ. 'ನೀನು ಒಂದು ಮಾತು ಹೇಳಬೇಕಿತ್ತು' ಅಂದಾಗ ಆಕ್ಷೇಪಣೆ ಇದೆ; 'ಶುಡ್ ಹ್ಯಾವ್' ಅದೇ. ಹಾಳೆಯಲ್ಲಿ ಈ ಎರಡು ವಾಕ್ಯ ಕೊಟ್ಟರೆ ಸಾಕು, ವ್ಯಾಖ್ಯಾನ ಬೇಡ. 'ಶುಡ್ ಹ್ಯಾವ್ ವೆಂಟ್' ಅನ್ನೋರಿಗೆ 'ಗಾನ್' ಮಾತ್ರ ದಪ್ಪಕ್ಷರದಲ್ಲಿರಲಿ.

ಮರು:
ಅದೆಲ್ಲ ಇರಲಿ. ಹಾಳೆಯ ತಲೆಬರಹದಲ್ಲಿ 'ಸಹಾಯಕ ಕ್ರಿಯಾಪದ' ಅಂತ ಬರೆಯಬೇಡಿ. 'ನೆರವು ಎಸಕಪದ' ಅನ್ನಿ.

ಮರು:
'ಎಸಕಪದ' ಏನು ಅಂತ ಮೇಷ್ಟ್ರಿಗೆ ಹೇಳಿಕೊಡೋಕೆ ಇನ್ನೊಂದು ಹಾಳೆ ಅಚ್ಚು ಹಾಕಿಸಬೇಕಾಗುತ್ತೆ. ಕನ್ನಡ ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಕ್ರಿಯಾಪದಕ್ಕೆ ಸಂಸ್ಕೃತದ 'ಆಖ್ಯಾತ' ಅಂದ, ಅವನಿಗೆ ಕನ್ನಡ ಬರುತ್ತಿರಲಿಲ್ಲವೇ?

ಮರು:
ಬಂದರೇನು? ಸಂಸ್ಕೃತದ ಅಚ್ಚಿಗೆ ಕನ್ನಡ ಹೊಯ್ದ. 'ಬೇಕು' ಮಾಡುವ ಕೆಲಸವನ್ನು ಅಲ್ಲಿ 'ಗಂತವ್ಯ'ದ (ಹೋಗಬೇಕಾದದ್ದು) 'ತವ್ಯ' ಮಾಡುತ್ತದೆ. ಅದು ಪ್ರತ್ಯಯ, ನಮ್ಮದು ಬೇರೆಯೇ ಪದ. ಆ ಅಚ್ಚು ಇದಕ್ಕೆ ಕೂರುವುದಿಲ್ಲ.

ಮರು:
ಹಾಗಾದರೆ ಮೊದಲು ಫಾರಸಿಯಿಂದ ಬಂದ 'ಜವಾಬ್ದಾರಿ', 'ಕಾನೂನು' ಬಿಟ್ಟು ಬನ್ನಿ, ಆಮೇಲೆ ಸಾಲದ ಪದಗಳ ಮಾತಾಡೋಣ.

ಮರು:
ಫಾರಸಿಗೂ ವ್ಯಾಕರಣಕ್ಕೂ ಏನು ಸಂಬಂಧ? ಸುಮ್ಮನೆ ಎಳೆಯಬೇಡಿ.

ಮರು:
'ಹೋಗುವುದಿತ್ತು' ತೆಗೆದುಕೊಂಡೆ, ತಲೆಬರಹ 'ಸಹಾಯಕ ಕ್ರಿಯಾಪದ'ವೇ. ಪ್ರೆಸ್ಸಿನವರಿಗೆ ಕಳಿಸಿಯಾಯಿತು.

ಮರು:
ಕಳಿಸುವ ಮುಂಚೆ ಕೇಳಬೇಕಿತ್ತು.